ಪವಾಡ ಹೌದೋ ಅಲ್ಲವೋ: ವ್ಯಾಟಿಕನ್ ಈಗ ನೇರ ಉತ್ತರ ಕೊಡದಿರುವುದೇಕೆ?

ಫ್ರಾನ್ಸಿನ ನಾರ್ಮಂಡಿಯಲ್ಲಿ ದೋಜುಲೆ ಎಂಬ ಸಣ್ಣ ಊರಿದೆ. 1970ರ ದಶಕದಲ್ಲಿ ಯೇಸುಸ್ವಾಮಿ ಅಲ್ಲಿಯ ಮಹಿಳೆಯೊಬ್ಬರಿಗೆ 49 ಬಾರಿ ಕಾಣಿಸಿಕೊಂಡು, 738 ಮೀಟರ್ ಎತ್ತರದ ಬೆಳಗುವ ಶಿಲುಬೆ ಕಟ್ಟಲು ಹೇಳಿದರೆಂದು ಒಂದು ಗುಂಪು ಈಗಲೂ ನಂಬುತ್ತದೆ. ಈ ದರ್ಶನಗಳಿಗೆ ದೈವಿಕ ಮೂಲವಿಲ್ಲ ಎಂದು 2025ರ ನವೆಂಬರ್ 12ರಂದು ಕಥೋಲಿಕ ಚರ್ಚಿನ ಕೇಂದ್ರವಾದ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಇಲಾಖೆ ಖಚಿತವಾಗಿ ಹೇಳಿತು. ಅದಕ್ಕೆ ಒಂದು ವರ್ಷ ಹಿಂದೆ, 2024ರ ಸೆಪ್ಟೆಂಬರ್‌ನಲ್ಲಿ, ಬೋಸ್ನಿಯಾದ ಮೆಡ್ಜುಗೋರಿಯೆ ವಿಷಯದಲ್ಲಿ ಅದೇ ಇಲಾಖೆ ಬೇರೆಯೇ ದನಿಯಲ್ಲಿ ಮಾತಾಡಿತ್ತು. ಅಲ್ಲಿಗೆ ಯಾತ್ರೆ ಹೋಗಲು, ಪ್ರಾರ್ಥಿಸಲು ಅಡ್ಡಿಯಿಲ್ಲ, ಆದರೆ ಮಾತೆ ಮರಿಯಮ್ಮ ಕಾಣಿಸಿಕೊಂಡರೆಂದು ತಾವು ಹೇಳುತ್ತಿಲ್ಲ ಎಂದಿತು. ಅದೇ ವರ್ಷ ಆಗಸ್ಟ್ 1ರಂದು ನಮ್ಮ ನೆರೆಯ ತಮಿಳುನಾಡಿನ ವೇಲಾಂಕಣಿಯ ಬಗ್ಗೆ ತಂಜಾವೂರಿನ ಬಿಷಪ್‌ರಿಗೆ ಬರೆದ ಪತ್ರವಂತೂ ಮೆಚ್ಚುಗೆಯ ಮಾತುಗಳಿಂದ ತುಂಬಿತ್ತು.

ಮೂರು ಕಡೆ ಮೂರು ಬಗೆಯ ಮಾತು. ಪತ್ರಿಕೆಗಳ ತಲೆಬರಹಗಳು ಇವನ್ನೆಲ್ಲ ‘ಪವಾಡಕ್ಕೆ ಒಪ್ಪಿಗೆ’, ‘ಪವಾಡ ತಿರಸ್ಕೃತ’ ಎಂಬ ಎರಡೇ ಗೂಡಿಗೆ ತುಂಬಿದವು. ಗೊಂದಲ ಹುಟ್ಟಿದ್ದು ಅಲ್ಲಿಂದ. ‘ಇದು ಸ್ವರ್ಗದಿಂದ ಬಂದದ್ದೋ’ ಎಂಬ ಪ್ರಶ್ನೆಗೆ ಕಥೋಲಿಕ ಚರ್ಚು ಈಗ ಸಾಮಾನ್ಯವಾಗಿ ‘ಹೌದು’ ಎನ್ನುವುದೇ ಇಲ್ಲ. ‘ಇದರ ಹೆಸರಿನಲ್ಲಿ ಜನ ಮೋಸಹೋಗುತ್ತಿದ್ದಾರೆಯೇ’ ಎಂಬುದು ಅದರ ಮುಖ್ಯ ಪ್ರಶ್ನೆಯಾಗಿದೆ.

ಹಳೆಯ ನಿಯಮ ಕೈಕೊಟ್ಟದ್ದು ಎಲ್ಲಿ

2024ರ ಮೇವರೆಗೆ ಜಾರಿಯಲ್ಲಿದ್ದದ್ದು 1978ರ ನಿಯಮ. ಅದು ಲ್ಯಾಟಿನ್‌ನಲ್ಲಿ ಬಿಷಪ್‌ರಿಗಷ್ಟೇ ಗುಟ್ಟಾಗಿ ಕಳಿಸಿದ್ದ ಪತ್ರ. ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ಅಧಿಕೃತವಾಗಿ ಪ್ರಕಟಿಸಿರಲೇ ಇಲ್ಲ. ತನಿಖೆಯ ಕೊನೆಗೆ ಸ್ಥಳೀಯ ಬಿಷಪ್ ಮೂರರಲ್ಲಿ ಒಂದು ಮಾತು ಹೇಳಬೇಕಿತ್ತು: ದೈವಿಕವೆಂದು ಖಚಿತವಾಗಿದೆ, ಖಚಿತವಾಗಿಲ್ಲ, ಅಥವಾ ದೈವಿಕವಲ್ಲವೆಂದು ಖಚಿತವಾಗಿದೆ. ನಡುವಿನದು ‘ಈಗಲೇ ಹೇಳಲಾಗದು’ ಎಂದಷ್ಟೇ. ಯುಗೊಸ್ಲಾವಿಯಾದ ಬಿಷಪ್‌ಗಳು 1991ರಲ್ಲಿ ಮೆಡ್ಜುಗೋರಿಯೆ ಬಗ್ಗೆ ಇದೇ ನಡುವಿನ ಮಾತು ಹೇಳಿದರು. ವಿರೋಧಿಗಳು ಅದನ್ನು ನಿಷೇಧವೆಂದು ಓದಿದರು, ಭಕ್ತರು ‘ಇನ್ನೂ ಬಾಗಿಲು ತೆರೆದಿದೆ’ ಎಂದುಕೊಂಡರು. ಲಕ್ಷಾಂತರ ಯಾತ್ರಿಕರು ಬರುತ್ತಲೇ ಇದ್ದರು.

ಇದಕ್ಕಿಂತ ಕೆಟ್ಟದಾಗಿ ಹದಗೆಟ್ಟದ್ದು ಆಮ್‌ಸ್ಟರ್‌ಡ್ಯಾಮ್ ಪ್ರಕರಣ. 1945ರಿಂದ 1959ರವರೆಗೆ ಅಲ್ಲಿ ಒಬ್ಬ ಮಹಿಳೆಗೆ ಮರಿಯಮ್ಮ ‘ಸಕಲ ಜನಾಂಗಗಳ ಮಾತೆ’ಯಾಗಿ ಕಾಣಿಸಿಕೊಂಡು, ತನ್ನನ್ನು ‘ಸಹ-ವಿಮೋಚಕಿ’ (ಯೇಸುವಿನ ಜೊತೆಗೂಡಿ ಜನರನ್ನು ಪಾಪದಿಂದ ಬಿಡಿಸಿದವಳು) ಎಂದು ಘೋಷಿಸಬೇಕೆಂದು ಕೇಳಿದರೆಂಬ ನಂಬಿಕೆಯಿತ್ತು. 1974ರಲ್ಲಿ ವ್ಯಾಟಿಕನ್ನಿನ ಸಿದ್ಧಾಂತ ಇಲಾಖೆ ಒಳಗೊಳಗೇ ‘ದೈವಿಕವಲ್ಲ’ ಎಂದು ನಿರ್ಣಯಿಸಿತು. ಆದರೆ ಹೊರಗೆ ಪ್ರಕಟಿಸಿದ್ದು ಅದಕ್ಕಿಂತ ಮೆದುವಾದ ಸೂಚನೆ. 2002ರಲ್ಲಿ ಅಲ್ಲಿಯ ಬಿಷಪ್ ‘ದೈವಿಕವೇ’ ಎಂದು ಘೋಷಿಸಿಬಿಟ್ಟರು. 2020ರಲ್ಲಿ ಅವರ ಉತ್ತರಾಧಿಕಾರಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. 1974ರ ನಿಜವಾದ ನಿರ್ಣಯ ಏನಿತ್ತೆಂದು ಜಗತ್ತಿಗೆ ತಿಳಿದದ್ದು 2024ರ ಜುಲೈನಲ್ಲಿ. ಐವತ್ತು ವರ್ಷ ಕಡತದಲ್ಲಿ ಮಲಗಿದ್ದ ಒಂದು ವಾಕ್ಯ ಎರಡು ತಲೆಮಾರಿನ ಭಕ್ತರನ್ನು ಕತ್ತಲಲ್ಲಿಟ್ಟಿತು ಎನ್ನಬೇಕು.

ಹೊಸ ನಿಯಮದ ಪೀಠಿಕೆಯೇ ಒಪ್ಪಿಕೊಳ್ಳುವ ಇನ್ನೊಂದು ಸಂಗತಿಯಿದೆ: 1950ರಿಂದೀಚೆಗೆ ಅಧಿಕೃತವಾಗಿ ಇತ್ಯರ್ಥವಾದ ಪ್ರಕರಣಗಳು ಆರಕ್ಕಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಒಂದು ಊರಿನ ದರ್ಶನದ ಸುದ್ದಿ ಆ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್‌ರ ಆಡಳಿತಕ್ಕೆ ಸೇರಿದ ಪ್ರದೇಶದ, ಗಡಿಯೊಳಗೆ ನಿಲ್ಲುವ ಕಾಲ ಹೋಗಿತ್ತು. ಇಟಲಿಯ ಹಳ್ಳಿಯ ‘ಸಂದೇಶ’ ಅದೇ ಸಂಜೆ ಬೆಂಗಳೂರಿನ ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿಗೆ ಬರುತ್ತದೆ. ಒಬ್ಬ ಬಿಷಪ್ ಇಪ್ಪತ್ತು ವರ್ಷ ಯೋಚಿಸುತ್ತ ಕೂರುವ ಪದ್ಧತಿ ಇದಕ್ಕೆ ಸಾಲದು.

ಆರು ಷರಾ

ಕಾರ್ಡಿನಲ್ ವಿಕ್ಟರ್ ಮಾನುಯೆಲ್ ಫರ್ನಾಂಡಿಸ್ ಮುಖ್ಯಸ್ಥರಾಗಿರುವ ವಿಶ್ವಾಸ ಸಿದ್ಧಾಂತ ಇಲಾಖೆ 2024ರ ಮೇ 17ರಂದು ಹೊಸ ನಿಯಮ ಪ್ರಕಟಿಸಿತು. ಮೇ 19, ಪೆಂತೆಕೋಸ್ತ್ ಹಬ್ಬದಂದು ಅದು ಜಾರಿಗೆ ಬಂತು. ಇನ್ನು ಮುಂದೆ ಪ್ರತಿ ಪ್ರಕರಣದ ಕಡತದ ಮೇಲೆ ಆರರಲ್ಲಿ ಒಂದು ಷರಾ ಬೀಳುತ್ತದೆ.

‘ನಿಹಿಲ್ ಓಬ್ಸ್ತಾತ್’ ಎಂದರೆ ಅಡ್ಡಿಯಿಲ್ಲ. ಒಳ್ಳೆಯ ಲಕ್ಷಣಗಳು ಕಾಣುತ್ತಿವೆ, ಭಕ್ತಿಗೆ ಬಿಷಪ್ ಪ್ರೋತ್ಸಾಹ ಕೊಡಬಹುದು. ದೈವಿಕ ಮೂಲದ ಬಗ್ಗೆ ಈ ಷರಾ ಮಾತೇ ಆಡುವುದಿಲ್ಲ. ‘ಪ್ರೇ ಓಕುಲಿಸ್ ಹಬೆಯಾತುರ್’ ಎಂದರೆ ಕಣ್ಣಿಟ್ಟಿರಬೇಕು. ಒಳಿತಿದೆ, ಆದರೆ ಸಂದೇಶಗಳಲ್ಲಿ ಗೊಂದಲವಿದ್ದು ಸಿದ್ಧಾಂತದ ಸ್ಪಷ್ಟನೆ ಬೇಕು. ‘ಕುರಾತುರ್’ ಇನ್ನೂ ಸೂಕ್ಷ್ಮ. ದೋಷಗಳು ಗಂಭೀರವಾಗಿದ್ದರೂ ಭಕ್ತಿ ಆಗಲೇ ಬೇರುಬಿಟ್ಟಿದೆ, ಆದ್ದರಿಂದ ನಿಷೇಧಿಸದೆ, ಉತ್ತೇಜಿಸದೆ, ಮೆಲ್ಲಗೆ ಬೇರೆ ದಿಕ್ಕಿಗೆ ತಿರುಗಿಸಬೇಕು. ‘ಸುಬ್ ಮಂದಾತೊ’ ಬೀಳುವುದು ಘಟನೆಗಿಂತ ಅದರ ಸುತ್ತ ಇರುವ ವ್ಯಕ್ತಿ, ಕುಟುಂಬ ಅಥವಾ ಗುಂಪು ಅದನ್ನು ದುರುಪಯೋಗ ಮಾಡುತ್ತಿರುವಾಗ. ಆ ಸ್ಥಳದ ಉಸ್ತುವಾರಿ ಬಿಷಪ್‌ರ ಕೈಗೆ ಅಥವಾ ವ್ಯಾಟಿಕನ್ ನೇಮಿಸಿದ ಪ್ರತಿನಿಧಿಯ ಕೈಗೆ ಹೋಗುತ್ತದೆ. ಐದನೆಯದು ‘ಪ್ರೊಹಿಬೆತುರ್ ಎತ್ ಒಬ್ಸ್ತ್ರುವಾತುರ್’. ಅಪಾಯ ದೊಡ್ಡದು, ಅನುಸರಿಸುವಂತಿಲ್ಲ ಎಂದು ಬಹಿರಂಗವಾಗಿ ಸಾರಬೇಕು. ಕೊನೆಯದು ‘ದೈವಿಕವಲ್ಲ’ ಎಂಬ ನೇರ ಘೋಷಣೆ. ಇದಕ್ಕೆ ಅನುಮಾನ ಸಾಲದು, ಸಾಬೀತಾದ ಆಧಾರ ಬೇಕು.

ಪಟ್ಟಿಯ ತಳದಲ್ಲಿ ‘ಅಲ್ಲ’ ಇದೆ, ತುದಿಯಲ್ಲಿ ‘ಹೌದು’ ಇಲ್ಲ. ಬಿಷಪ್ ಆಗಲಿ, ಬಿಷಪ್‌ಗಳ ಮಂಡಳಿಯಾಗಲಿ, ಇಲಾಖೆಯಾಗಲಿ ‘ಇದು ದೈವಿಕ’ ಎಂದು ಘೋಷಿಸುವಂತಿಲ್ಲ. ತೀರಾ ಅಪರೂಪಕ್ಕೆ ಪೋಪ್ ಮಾತ್ರ ಅಂಥ ವಿಚಾರಣೆಗೆ ಅನುಮತಿ ಕೊಡಬಹುದು. ಹೀಗಾಗಿ ‘ಅಡ್ಡಿಯಿಲ್ಲ’ ಎಂಬ ಷರಾವನ್ನು ‘ಪವಾಡಕ್ಕೆ ವ್ಯಾಟಿಕನ್ ಮುದ್ರೆ’ ಎಂದು ಬರೆಯುವುದು ತಪ್ಪು.

ಇಲ್ಲೇ ಒಂದು ಸ್ಪಷ್ಟನೆ ಬೇಕು. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನಲ್ಲಿ ಕಾಯಿಲೆ ವಾಸಿಯಾದವರ ಪ್ರಕರಣಗಳು ಪವಾಡವೆಂದು ಈಗಲೂ ಘೋಷಣೆಯಾಗುತ್ತವೆ, 72ನೆಯದು 2025ರಲ್ಲಿ ಪ್ರಕಟವಾಯಿತು. ಸಂತ ಪದವಿಗೆ ಬೇಕಾದ ಪವಾಡಗಳ ಪರಿಶೀಲನೆಯೂ ನಿಂತಿಲ್ಲ. ಅವೆರಡಕ್ಕೂ ವೈದ್ಯಕೀಯ ದಾಖಲೆಗಳ ಬೇರೆಯೇ ವಿಧಾನವಿದೆ. ಹೊಸ ನಿಯಮ ಅನ್ವಯವಾಗುವುದು ದರ್ಶನ, ಅಶರೀರವಾಣಿ, ಅಳುವ ಪ್ರತಿಮೆ, ರಕ್ತ ಸುರಿಸುವ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಹಂಚುವ ರೊಟ್ಟಿ) ಮುಂತಾದವಕ್ಕೆ.

ತನಿಖೆಯ ಕ್ರಮ

ಸುದ್ದಿ ಬಂದೊಡನೆ ಬಿಷಪ್ ಮಾಡಬೇಕಾದ ಮೊದಲ ಕೆಲಸ ಪರವಾಗಲಿ ವಿರುದ್ಧವಾಗಲಿ ಹೇಳಿಕೆ ಕೊಡದಿರುವುದು. ಗೊಂದಲ, ಗುಂಪುಗಾರಿಕೆ ಹಬ್ಬದಂತೆ ನೋಡಿಕೊಳ್ಳುವುದೂ ಅವರದೇ ಹೊಣೆ. ಸುದ್ದಿಯಲ್ಲಿ ಹುರುಳಿದೆ ಎನಿಸಿದರೆ ಸಮಿತಿ ರಚಿಸಬೇಕು. ಅದರಲ್ಲಿ ಕನಿಷ್ಠ ಒಬ್ಬ ದೈವಶಾಸ್ತ್ರಜ್ಞ, ಒಬ್ಬ ಚರ್ಚ್ ಕಾನೂನು ಪರಿಣತ, ಘಟನೆಯ ಸ್ವರೂಪಕ್ಕೆ ತಕ್ಕ ಒಬ್ಬ ತಜ್ಞ ಇರಬೇಕು. ದ್ರವ ಸುರಿಯುವ ಪ್ರತಿಮೆಯಾದರೆ ರಸಾಯನಶಾಸ್ತ್ರಜ್ಞ, ದರ್ಶನವಾದರೆ ಮನೋವೈದ್ಯ ಎಂದಿಟ್ಟುಕೊಳ್ಳಿ. ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿಕೆ ಕೊಡುತ್ತಾರೆ, ನೋಟರಿ ಅದನ್ನು ದಾಖಲಿಸುತ್ತಾರೆ, ವಸ್ತುವಿದ್ದರೆ ಅದನ್ನು ತಜ್ಞರ ಪರೀಕ್ಷೆಗೆ ಒಪ್ಪಿಸುತ್ತಾರೆ. ಪ್ರತಿಮೆ ಅದರ ಮಾಲೀಕರ ಮನೆಯಲ್ಲೇ, ಅವರ ಕೈಯಳತೆಯಲ್ಲೇ ಉಳಿದರೆ ಪ್ರಯೋಗಾಲಯದ ವರದಿಗೆ ಬೆಲೆಯಿಲ್ಲ. ಮಾದರಿ ತೆಗೆಯುವ ಮುನ್ನ ಯಾರು ಮುಟ್ಟಿದರು, ಎಷ್ಟು ಹೊತ್ತು ಯಾರೂ ನೋಡಿರಲಿಲ್ಲ ಎಂಬುದೇ ಗೊತ್ತಿರುವುದಿಲ್ಲವಲ್ಲ!

ತೂಗಿ ನೋಡುವ ಅಂಶಗಳೂ ನಿಗದಿಯಾಗಿವೆ. ದರ್ಶನ ಕಂಡವರ ನಡತೆ, ಮಾನಸಿಕ ಸಮತೋಲನ, ಸಂದೇಶ ಚರ್ಚಿನ ಬೋಧನೆಗೆ ಹೊಂದುವಿಕೆ, ಘಟನೆ ಯಾರದೋ ಯೋಜನೆಯಿಂದ ನಡೆಯದೆ ಅನಿರೀಕ್ಷಿತವಾಗಿ ನಡೆದಿರುವುದು, ಜನರ ಬದುಕಿನಲ್ಲಿ ಒಳ್ಳೆಯ ಫಲ ಕಾಣುವುದು ಪರವಾದವು. ಸಂಗತಿಯಲ್ಲೇ ಸುಳ್ಳು, ಸಿದ್ಧಾಂತದ ತಪ್ಪು, ಚರ್ಚಿನಿಂದ ಸೀಳಿ ಹೋಗುವ ಗುಂಪು ಮನೋಭಾವ, ಹಣ, ಅಧಿಕಾರ, ಪ್ರಚಾರದ ಆಸೆ, ಅನೈತಿಕ ನಡೆ, ಮಾನಸಿಕ ಅಸ್ವಸ್ಥತೆ ಅಥವಾ ಸಾಮೂಹಿಕ ಉನ್ಮಾದ ವಿರುದ್ಧವಾದವು. ಸಮಿತಿಯ ವರದಿಗೆ ಬಿಷಪ್ ತಮ್ಮ ಅಭಿಪ್ರಾಯ ಸೇರಿಸಿ ರೋಮಿಗೆ ಕಳಿಸಬೇಕು. ಇಲಾಖೆ ಒಪ್ಪಿದ ಮೇಲೆಯೇ ಆದೇಶ ಹೊರಡುತ್ತದೆ, ಇಲಾಖೆಯ ಹೆಸರೂ ಅದರಲ್ಲಿರುತ್ತದೆ. ಮೊದಲು ರೋಮ್ ತೆರೆಮರೆಯಲ್ಲಿ ನಿಂತು ಬಿಷಪ್‌ರನ್ನು ಮುಂದೆ ಬಿಡುತ್ತಿತ್ತು.

ರಕ್ತ, ಕಣ್ಣೀರು, ಬೂಷ್ಟು

ಪ್ರಯೋಗಾಲಯ ಏನು ಹೇಳಬಲ್ಲದು? ಪರಮಪ್ರಸಾದದ ರೊಟ್ಟಿ ಕೆಂಪಾಗುವ ಪ್ರಕರಣ ನೋಡಿ. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ರೊಟ್ಟಿ ನೆಲಕ್ಕೆ ಬಿದ್ದರೆ ಅದನ್ನು ನೀರಿನಲ್ಲಿ ಹಾಕಿ ಕರಗಲು ಬಿಡುವುದು ವಾಡಿಕೆ. ಪಿಷ್ಟ, ತೇವ, ಬೆಚ್ಚನೆಯ ಜಾಗ ಮೂರೂ ಸೇರಿದಾಗ ಕೆಲವೇ ದಿನಗಳಲ್ಲಿ ‘ಸೆರಾಟಿಯಾ ಮಾರ್ಸೆಸೆನ್ಸ್’ ಎಂಬ ಬ್ಯಾಕ್ಟೀರಿಯಾ ರಕ್ತದಂಥ ಕೆಂಪು ಬಣ್ಣ ಬಿಡಬಲ್ಲದು. 1819ರಲ್ಲಿ ಇಟಲಿಯ ಪಾದುವಾ ಬಳಿ ಮೆಕ್ಕೆಜೋಳದ ಹಿಟ್ಟಿನ ಅಂಬಲಿ ಕೆಂಪಾಗಿ ಊರೇ ಹೆದರಿದಾಗ ಬಾರ್ತೊಲೊಮಿಯೊ ಬಿಜಿಯೊ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಅಮೆರಿಕದ ಯೂಟಾದಲ್ಲಿ 2015ರಲ್ಲಿ ನೀರಿನಲ್ಲಿಟ್ಟ ರೊಟ್ಟಿ ಕೆಂಪಾದಾಗ ಧರ್ಮಪ್ರಾಂತ್ಯವೇ ಪರೀಕ್ಷೆ ಮಾಡಿಸಿ, ಅದು ಕೆಂಪು ಬೂಷ್ಟು ಎಂದು ಪ್ರಕಟಿಸಿತು.

ಅಳುವ ಪ್ರತಿಮೆಯನ್ನು ಯಾರು ಬೇಕಾದರೂ ಮಾಡಬಹುದೆಂದು ಪಾವಿಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಲುಯಿಜಿ ಗಾರ್ಲಾಸ್ಕೆಲ್ಲಿ 1995ರಲ್ಲಿ ತೋರಿಸಿದರು. ಒಳಗೆ ಟೊಳ್ಳಾದ, ನೀರು ಹೀರುವ ವಸ್ತುವಿನ ಪ್ರತಿಮೆ, ಹೊರಗೆ ಗಾಜಿನಂಥ ಮೆರುಗು. ತಲೆಯ ಸಣ್ಣ ತೂತಿನಿಂದ ದ್ರವ ತುಂಬಿದರೆ ಗೋಡೆ ಹೀರಿಕೊಳ್ಳುತ್ತದೆ, ಮೆರುಗು ಅದನ್ನು ಹೊರಬಿಡುವುದಿಲ್ಲ. ಕಣ್ಣಿನ ಬಳಿ ಕಾಣದಷ್ಟು ಮೆರುಗು ಕೆರೆದರೆ ಅಲ್ಲಿಂದ ಹನಿಗಳು ಜಿನುಗುತ್ತವೆ. ಅದೇ 1995ರ ಸೆಪ್ಟೆಂಬರ್ 21ರಂದು ಗಣಪತಿ ಮೂರ್ತಿಗಳು ಹಾಲು ಕುಡಿದ ಸುದ್ದಿಯಲ್ಲಿ ನಮ್ಮ ದೇಶವೂ ಮುಳುಗಿತ್ತು. ಮೇಲ್ಮೈ ಸೆಳೆತದಿಂದ ಚಮಚದ ಹಾಲು ಮೂರ್ತಿಯ ಮೇಲೆ ತೆಳುವಾಗಿ ಹರಿದುಹೋಗುತ್ತದೆ ಎಂಬ ವಿವರಣೆ ಅನೇಕರಿಗೆ ನೆನಪಿರಬಹುದು. ಮುಂಬೈನ ಒಂದು ಚರ್ಚಿನ ಬಳಿ 2012ರಲ್ಲಿ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿದಾಗ, ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಗೋಡೆಯೊಳಗೆ ಏರಿ ಬರುತ್ತಿದೆ ಎಂದು ವಿಚಾರವಾದಿ ಸನಲ್ ಎಡಮರುಕು ತೋರಿಸಿದರು. ಅವರ ಮೇಲೆ ಧಾರ್ಮಿಕ ಭಾವನೆ ಕೆರಳಿಸಿದ ಆರೋಪದ ದೂರು ದಾಖಲಾಯಿತು, ಅವರು ಫಿನ್‌ಲ್ಯಾಂಡಿಗೆ ಹೋದರು. ಪರೀಕ್ಷೆ ಕೇಳುವುದೇ ಅಪರಾಧವೆನಿಸುವ ಕಡೆ ಮೋಸಗಾರನಿಗೆ ಯಾವ ಭಯವೂ ಇರುವುದಿಲ್ಲ.

ಆದರೆ ಪ್ರಯೋಗಾಲಯಕ್ಕೂ ಒಂದು ಮಿತಿಯಿದೆ. ರೋಮ್ ಸಮೀಪದ ಚಿವಿತಾವೆಕ್ಕಿಯಾದಲ್ಲಿ 1995ರಲ್ಲಿ ಮರಿಯಮ್ಮನ ಪ್ರತಿಮೆಯ ಕಣ್ಣಿಂದ ಬಂದದ್ದು ಗಂಡಸಿನ ರಕ್ತವೆಂದು ಪರೀಕ್ಷೆ ಹೇಳಿತು. ಸಂದೇಹವಾದಿಗಳು ‘ಯಾರೋ ಬಳಿದಿದ್ದಾರೆ’ ಎಂದರು, ಭಕ್ತರು ‘ಅದು ಯೇಸುವಿನ ರಕ್ತ’ ಎಂದರು. ಒಂದೇ ವರದಿ ಎರಡೂ ಕಡೆಯ ಜೇಬಿಗೆ ಹೋಯಿತು.

ವಂಚನೆಯ ಇನ್ನೆರಡು ಮುಖ

ಕ್ರೈಸ್ತ ಚಿಂತನೆಯಲ್ಲಿ ಕೈಚಳಕದ ಮೋಸ ಅಷ್ಟು ದೊಡ್ಡ ಭಯವಲ್ಲ, ಅದು ಸಿಕ್ಕಿಬೀಳುತ್ತದೆ. ಪ್ರಾಮಾಣಿಕ ವ್ಯಕ್ತಿ ತನ್ನನ್ನೇ ತಾನು ಮೋಸಗೊಳಿಸಿಕೊಳ್ಳುವುದು ಹೆಚ್ಚು ಕಠಿಣ. ಅದಕ್ಕಿಂತ ಆಳವಾದದ್ದು, ಘಟನೆ ನಿಜವಾಗಿಯೂ ವಿವರಣೆಗೆ ಸಿಗದೆ ಇದ್ದು ಅದರ ಸಂದೇಶ ಜನರನ್ನು ದಾರಿತಪ್ಪಿಸುವುದು. ಬೈಬಲಿನ ಧರ್ಮೋಪದೇಶಕಾಂಡದ 13ನೆಯ ಅಧ್ಯಾಯ ಇದನ್ನೇ ಹೇಳುತ್ತದೆ: ಪ್ರವಾದಿ ಹೇಳಿದ ಗುರುತು ನೆರವೇರಿದರೂ, ಅವನು ಬೇರೆ ದೇವರ ಕಡೆ ಕರೆದರೆ ಕಿವಿಗೊಡಬಾರದು. ಸೈತಾನನೂ ಬೆಳಕಿನ ದೂತನ ವೇಷ ಹಾಕುತ್ತಾನೆಂದು ಸಂತ ಪೌಲ ಕೊರಿಂಥದವರಿಗೆ ಬರೆದರು. ಅದೇ ಪೌಲ ಥೆಸಲೋನಿಕದವರಿಗೆ ಪ್ರವಾದನೆಯನ್ನು ತಿರಸ್ಕರಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಎಂದರು. ಎರಡನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ.

ದೋಜುಲೆಯ ಪತ್ರದಲ್ಲಿ ತೂಕ ಬಿದ್ದದ್ದು ಸಂದೇಶದ ಮೇಲೆ. ಆ ಬೃಹತ್ ಶಿಲುಬೆಯ ಬುಡದಲ್ಲಿ ಪಶ್ಚಾತ್ತಾಪಪಟ್ಟವರೆಲ್ಲ ರಕ್ಷಣೆ ಹೊಂದುತ್ತಾರೆ ಎಂಬ ಮಾತು ಪಾಪಕ್ಷಮೆಯನ್ನು ಒಂದು ಕಟ್ಟಡಕ್ಕೆ ಕಟ್ಟಿಹಾಕುತ್ತದೆ. ಕ್ರಿಸ್ತನ ಶಿಲುಬೆಗೆ 738 ಮೀಟರ್ ಕಬ್ಬಿಣ ಬೇಕಿಲ್ಲ ಎಂಬುದು ಇಲಾಖೆಯ ವಾದದ ಸಾರ. ಸಂದೇಶಗಳಲ್ಲಿ 2000ನೇ ಇಸವಿಯ ಗಡುವೂ ಇತ್ತು, ಕ್ರಿಸ್ತನ ಪುನರಾಗಮನ ಹತ್ತಿರವಿದೆ ಎಂಬ ಎಚ್ಚರಿಕೆಯೂ ಇತ್ತು. ಗಡುವು ದಾಟಿತು, ಏನೂ ಆಗಲಿಲ್ಲ. ಅಲ್ಲಿಗೆ ಪ್ರಯೋಗಾಲಯವೇ ಬೇಕಾಗಲಿಲ್ಲ.

ಮೂರನೆಯ ಆತಂಕ ಅಧಿಕಾರದ್ದು. ‘ನಿನ್ನ ಬಗ್ಗೆ ಮಾತೆ ನನಗೆ ಹೇಳಿದ್ದಾರೆ’ ಎಂದು ಶುರುಮಾಡುವವರ ಎದುರು ಭಕ್ತ ವಾದ ಮಾಡಲಾರ. ಇಂಥ ಅನುಭವಗಳನ್ನು ಜನರ ಮೇಲೆ ಹಿಡಿತ ಸಾಧಿಸಲು ಅಥವಾ ದೌರ್ಜನ್ಯಕ್ಕೆ ಬಳಸುವುದನ್ನು ವಿಶೇಷ ಗಂಭೀರ ಪಾಪವಾಗಿ ನೋಡಬೇಕೆಂದು ಹೊಸ ನಿಯಮ ಹೇಳುತ್ತದೆ. 2024ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ‘ಆಧ್ಯಾತ್ಮಿಕ ದೌರ್ಜನ್ಯ’ವನ್ನು ಚರ್ಚ್ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿಸುವ ಬಗ್ಗೆ ಅಧ್ಯಯನ ತಂಡಕ್ಕೆ ಒಪ್ಪಿಗೆ ಕೊಟ್ಟರು. ಇಡೀ ಸುಧಾರಣೆಯಲ್ಲಿ ಸಾಮಾನ್ಯ ಭಕ್ತರಿಗೆ ನಿಜಕ್ಕೂ ರಕ್ಷಣೆ ಕೊಡಬಲ್ಲದ್ದು ಇದೇ, ಸುದ್ದಿಯಾದದ್ದು ಮಾತ್ರ ಕಡಿಮೆ.

ಒಪ್ಪದವರ ವಾದ

ಕಥೋಲಿಕರಲ್ಲೇ ಒಂದು ವರ್ಗಕ್ಕೆ ಅಸಮಾಧಾನವಿದೆ. ಲೂರ್ದ್ ದರ್ಶನಗಳನ್ನು 1862ರಲ್ಲಿ, ಪೋರ್ಚುಗಲ್ಲಿನ ಫಾತಿಮಾ ಊರಿನ ದರ್ಶನಗಳನ್ನು 1930ರಲ್ಲಿ ಆಯಾ ಬಿಷಪ್‌ಗಳೇ ನಂಬಿಕೆಗೆ ಅರ್ಹವೆಂದು ಸಾರಿದ್ದರು. ಅವೇ ಇಂದು ನಡೆದಿದ್ದರೆ ಸಿಗುತ್ತಿದ್ದದ್ದು ‘ಅಡ್ಡಿಯಿಲ್ಲ’ ಎಂಬ ಒಂದು ಪದ. ದೇವರು ಮಾತಾಡಿದರೂ ಚರ್ಚು ಹೌದೆನ್ನಲು ಅಂಜುತ್ತಿದೆ ಎಂಬುದು ಅವರ ದೂರು. ಇಲಾಖೆಯ ಉತ್ತರವೆಂದರೆ, ಒಪ್ಪಿಗೆ ಪಡೆದ ದರ್ಶನವನ್ನೂ ನಂಬಲೇಬೇಕೆಂಬ ಕಟ್ಟುಪಾಡು ಕಥೋಲಿಕರಿಗೆ ಎಂದೂ ಇರಲಿಲ್ಲ. ‘ದೈವಿಕ’ ಎಂದು ಘೋಷಿಸಿದ ಕೂಡಲೇ ಆ ಸಂದೇಶಗಳು ಕೆಲವರಿಗೆ ಸುವಾರ್ತೆಗಿಂತ ಮೇಲಾಗಿಬಿಡುತ್ತವೆ.

ಪ್ರೊಟೆಸ್ಟೆಂಟರ ಆಕ್ಷೇಪ ಬುಡಕ್ಕೇ ಹೋಗುತ್ತದೆ. ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗಾಗಲಿ ಇತರ ಪ್ರೊಟೆಸ್ಟೆಂಟ್ ಸಭೆಗಳಿಗಾಗಲಿ ಮರಿಯಮ್ಮನ ದರ್ಶನವೆಂಬುದೇ ಸತ್ಯವೇದಕ್ಕೆ (ಬೈಬಲಿಗೆ) ಹೊರಗಿನದು. ಷರಾ ಆರಿರಲಿ ಅರವತ್ತಿರಲಿ, ಯೇಸುವಿನ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎಂಬುದು ಅವರ ಚಿಂತೆ. ಈ ಚಿಂತೆ ರೋಮಿಗೂ ಪೂರ್ತಿ ಹೊರಗಿನದಲ್ಲ. ಆಮ್‌ಸ್ಟರ್‌ಡ್ಯಾಮ್ ಸಂದೇಶ ಕೇಳಿದ್ದ ‘ಸಹ-ವಿಮೋಚಕಿ’ ಬಿರುದು ಸೂಕ್ತವಲ್ಲವೆಂದು 2025ರ ನವೆಂಬರ್ 4ರಂದು ವ್ಯಾಟಿಕನ್ ತಾನೇ ಹೇಳಿತು. ಇತ್ತ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಸಭೆಗಳ ವಲಯದಲ್ಲಿ ದರ್ಶನದ ಜಾಗದಲ್ಲಿ ಪ್ರವಾದನೆಯಿದೆ, ತೂಗಿ ನೋಡುವ ಕೇಂದ್ರ ಸಂಸ್ಥೆಯಿಲ್ಲ. ಅಮೆರಿಕದ 2020ರ ಚುನಾವಣೆಯಲ್ಲಿ ಟ್ರಂಪ್ ಗೆಲ್ಲುವರೆಂದು ದೇವರ ಹೆಸರಿನಲ್ಲಿ ನುಡಿದ ಹಲವರ ಮಾತು ಸುಳ್ಳಾದ ಮೇಲೆ, ಬಹಿರಂಗವಾಗಿ ನುಡಿದು ತಪ್ಪಿದವರು ಬಹಿರಂಗವಾಗಿಯೇ ಒಪ್ಪಿಕೊಳ್ಳಬೇಕೆಂಬ ಹೇಳಿಕೆಗೆ 2021ರಲ್ಲಿ ಕೆಲವು ನಾಯಕರು ಸಹಿ ಹಾಕಿದರು. ಪಾಲಿಸದವರನ್ನು ಕೇಳುವವರು ಯಾರೂ ಇರಲಿಲ್ಲ.

ವಿಚಾರವಾದಿಗಳ ಪ್ರಶ್ನೆ ಚಿಕ್ಕದು, ಚೂಪಾದದ್ದು: ಮೂಲದ ಬಗ್ಗೆ ಏನೂ ಹೇಳದೆ ಯಾತ್ರೆಗೆ ಒಪ್ಪಿಗೆ ಕೊಟ್ಟರೆ, ಸುಳ್ಳಿದ್ದರೂ ಅದರ ಲಾಭ ಉಳಿಯಿತಲ್ಲ? ಹೊಸ ವ್ಯವಸ್ಥೆಯ ದುರ್ಬಲ ಜಾಗ ಇದೇ ಎನ್ನಬೇಕು. ಮೆಡ್ಜುಗೋರಿಯೆಗೆ ಬಸ್ಸು ಹೊರಡಿಸುವ ಯಾತ್ರಾ ಏಜೆಂಟ್ ಕರಪತ್ರದಲ್ಲಿ ‘ಅಡ್ಡಿಯಿಲ್ಲ’ ಎಂದು ಅಚ್ಚು ಹಾಕಿಸುವುದಿಲ್ಲ, ‘ವ್ಯಾಟಿಕನ್ ಮಾನ್ಯತೆ’ ಎಂದೇ ಹಾಕಿಸುತ್ತಾನೆ.

ವೇಲಾಂಕಣಿಯ ಪತ್ರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹಾಲು ತರುತ್ತಿದ್ದ ಹುಡುಗ, ಮಜ್ಜಿಗೆ ಮಾರುತ್ತಿದ್ದ ಕುಂಟ ಬಾಲಕ, ಬಿರುಗಾಳಿಯಲ್ಲಿ ಸಿಲುಕಿದ ಪೋರ್ಚುಗೀಸ್ ನಾವಿಕರು, ಈ ಮೂರೂ ಐತಿಹ್ಯಗಳ ಮೇಲೆ ಅದು ತೀರ್ಪು ಕೊಡಲಿಲ್ಲ. ಅಲ್ಲಿಗೆ ಬರುವ ಅನ್ಯಧರ್ಮೀಯರ ಭಕ್ತಿಯನ್ನು ಧರ್ಮಗಳ ಕಲಸುಮೇಲೋಗರವೆಂದು ಭಾವಿಸಬೇಕಿಲ್ಲ ಎಂದಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕರ್ನಾಟಕದಿಂದ ಕಾವಿ ತೊಟ್ಟು ಹೋಗುವವರಲ್ಲಿ ಹಿಂದೂಗಳೂ ಇರುತ್ತಾರೆ, ಅವರನ್ನು ಅನುಮಾನದಿಂದ ನೋಡುತ್ತಿದ್ದ ಕೆಲವು ಕ್ರೈಸ್ತರಿಗೆ ಇದು ಉತ್ತರ.

ಬೇಡವೆಂದ ಮೇಲೆ ಏನಾಗುತ್ತದೆ

ನಿಷೇಧ ಹೊರಡಿಸಿದೊಡನೆ ಗುಂಪು ಚದುರುವುದಿಲ್ಲ. ರೋಮ್ ಬಳಿಯ ಟ್ರೆವಿನ್ಯಾನೊ ರೊಮಾನೊದಲ್ಲಿ ರಕ್ತದ ಕಣ್ಣೀರಿನ ಪ್ರತಿಮೆಯ ಸುತ್ತ ಪ್ರತಿ ತಿಂಗಳ 3ರಂದು ಜನ ಸೇರುತ್ತಿದ್ದರು. 2024ರ ಮಾರ್ಚ್‌ನಲ್ಲಿ ಬಿಷಪ್ ‘ದೈವಿಕವಲ್ಲ’ ಎಂದರು, ವ್ಯಾಟಿಕನ್ ಅದನ್ನು ಎತ್ತಿಹಿಡಿಯಿತು. ಆದರೂ ಪ್ರಾರ್ಥನಾ ಕೂಟಗಳು ಮುಂದುವರಿದವು. ಬಿಷಪ್‌ರ ವಿರೋಧವೇ ಸತ್ಯದ ಗುರುತು ಎಂಬ ನಂಬಿಕೆ ಇಂಥ ಗುಂಪುಗಳಲ್ಲಿ ಬಲು ಬೇಗ ಬೇರೂರುತ್ತದೆ. ಸಂತರೆಲ್ಲ ಹಿಂಸೆ ಅನುಭವಿಸಿದರಲ್ಲವೇ ಎಂಬ ವಾದಕ್ಕೆ ಮರುಮಾತು ಹುಡುಕುವುದು ಕಷ್ಟ.

ಇದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಸ್ಪೇನಿನ ಪಾಲ್ಮಾರ್ ದೆ ತ್ರೋಯಾ ಇದೆ. 1968ರಲ್ಲಿ ಅಲ್ಲಿ ದರ್ಶನಗಳ ಸುದ್ದಿ ಹಬ್ಬಿತು, ಸೆವಿಲ್‌ನ ಆರ್ಚ್‌ಬಿಷಪ್ ಒಪ್ಪಲಿಲ್ಲ. 1978ರಲ್ಲಿ ದರ್ಶನಿಗಳಲ್ಲೊಬ್ಬನಾದ ಕ್ಲೆಮೆಂತೆ ದೊಮಿಂಗೆಸ್ ತಾನೇ ಪೋಪ್ ಎಂದು ಸಾರಿಕೊಂಡು ಪ್ರತ್ಯೇಕ ಚರ್ಚು ಕಟ್ಟಿದ. ಆಮ್‌ಸ್ಟರ್‌ಡ್ಯಾಮ್ ಸಂದೇಶಗಳಿಂದ ಪ್ರೇರಣೆ ಪಡೆದ ಕೆನಡಾದ ‘ಮರಿಯಮ್ಮನ ಸೇನೆ’ಯ ಸದಸ್ಯರ ಮೇಲೆ 2007ರಲ್ಲಿ ವ್ಯಾಟಿಕನ್ ಬಹಿಷ್ಕಾರ ಘೋಷಿಸಬೇಕಾಯಿತು. ಅವರ ಗುರುವಾದ ಮಹಿಳೆಯಲ್ಲಿ ಸ್ವತಃ ಮರಿಯಮ್ಮನೇ ಮತ್ತೆ ಬಂದಿದ್ದಾರೆಂಬ ಹಂತಕ್ಕೆ ಆ ಗುಂಪು ಹೋಗಿತ್ತು.

ನಡುವಿನ ಷರಾಗಳು, ಅದರಲ್ಲೂ ‘ಕುರಾತುರ್’, ನಿಯಮದಲ್ಲಿ ಸೇರಿದ್ದರ ಹಿಂದೆ ಇಂಥ ಅನುಭವದ ಹೆದರಿಕೆಯಿದೆ. ತಪ್ಪೆಂದು ಗೊತ್ತಿದ್ದೂ ಬಿಷಪ್ ತಕ್ಷಣ ಬಾಗಿಲು ಹಾಕುವುದಿಲ್ಲ. ಮೊದಲು ಅಲ್ಲಿಗೊಬ್ಬ ನುರಿತ ಗುರುವನ್ನು (ಪಾದ್ರಿಯನ್ನು) ಕಳಿಸುತ್ತಾರೆ, ಹೊಸ ಸಂದೇಶಗಳ ಪ್ರಚಾರ ನಿಲ್ಲಿಸುತ್ತಾರೆ, ಪ್ರಾರ್ಥನೆಯನ್ನು ಪರಮಪ್ರಸಾದ ಮತ್ತು ಜಪಸರದ ಕಡೆ ತಿರುಗಿಸುತ್ತಾರೆ. ಕಾಣಿಕೆ ಹುಂಡಿಯ ಲೆಕ್ಕ ಆ ಗುಂಪಿನ ಕೈಯಲ್ಲೇ ಉಳಿದರೆ ಇದ್ಯಾವುದೂ ಫಲಿಸುವುದಿಲ್ಲ. ಬಿಷಪ್ ಕಳಿಸಿದ ಗುರು ಬಲಿಪೂಜೆ ಮಾಡಿ ಹೊರಡುತ್ತಾರೆ, ದರ್ಶನಿಯ ಮನೆಯಂಗಳದಲ್ಲಿ ಸಂಜೆಯ ಕೂಟ ಹಿಂದಿನಂತೆಯೇ ನಡೆಯುತ್ತದೆ.